ಗ್ರಾಮಫೋನ್ ತಟ್ಟೆಯ ಸಾಕ್ಷ್ಯ

ಹಳೆಯ ಗ್ರಾಮಫೋನ್ ತಟ್ಟೆಯಲ್ಲಿ ಜನಪದ ಸಂಗೀತವನ್ನು ಕೇಳುವಾಗ, ಹಿಂದಿನವರು ಹಾಡಿದ್ದು ಹಾಡಿದಂತೆಯೇ ನಮ್ಮ ಕಿವಿಯನ್ನು ಮುಟ್ಟುತ್ತಿದೆಯೆಂದು ನಾವು ಸಹಜವಾಗಿ ನಂಬುತ್ತೇವೆ. ಈ ನಂಬಿಕೆಯನ್ನು ಪರೀಕ್ಷಿಸದೆ ಒಪ್ಪುವುದು ವಿಜ್ಞಾನದ ರೀತಿಯಲ್ಲ.

ಅಮೆರಿಕದ ಅಪಲೇಷಿಯನ್ ಬೆಟ್ಟಸೀಮೆಯ ಹಾಗೂ ಅದರ ಸುತ್ತಣ ನಾಡಿನ ಪಿಟೀಲು-ಬ್ಯಾಂಜೊ ಸಂಗೀತವನ್ನೇ ನೋಡೋಣ. 1923ರಲ್ಲಿ ಅಟ್ಲಾಂಟ ನಗರದಲ್ಲಿ ಮುದ್ರಿತವಾದ ಪಿಟೀಲುಗಾರ ಜಾನ್ ಕಾರ್ಸನ್ನರ ತಟ್ಟೆ ಚೆನ್ನಾಗಿ ಮಾರಾಟವಾಯಿತು. ಅಲ್ಲಿಂದ ಮುಂದೆ ಕಂಪನಿಗಳು ಹಳ್ಳಿಯ ಗಾಯಕರನ್ನು ಅರಸತೊಡಗಿದವು. 1927ರ ಬೇಸಗೆಯಲ್ಲಿ ರಾಲ್ಫ್ ಪಿಯರ್ ಬ್ರಿಸ್ಟಲ್ ಪಟ್ಟಣದಲ್ಲಿ ಯಂತ್ರವನ್ನು ಹೂಡಿ, ಕಾರ್ಟರ್ ಕುಟುಂಬ ಮೊದಲಾದವರ ಹಾಡುಗಳನ್ನು ಮುದ್ರಿಸಿದರು.

ಆದರೆ ಯಂತ್ರಕ್ಕೆ ತನ್ನದೇ ಆದ ಮಿತಿಗಳುಂಟು. ಸುಮಾರು 1925ರವರೆಗೆ ಮುದ್ರಣಕ್ಕೆ ಮೈಕ್ರೊಫೋನಿನ ನೆರವಿರಲಿಲ್ಲ. ಕಹಳೆಯಾಕಾರದ ಕೊಳವೆಯನ್ನು ಹೊಕ್ಕ ಧ್ವನಿಯ ಕಂಪನವೇ ಮುಳ್ಳನ್ನು ಅಲುಗಿಸಿ ಮೇಣದಲ್ಲಿ ಗೀರು ಕೊರೆಯಬೇಕಾಗಿತ್ತು. ಗಟ್ಟಿ ದನಿ ಉಳಿಯಿತು. ಮೆಲುದನಿಯೂ ತೀರ ಕೆಳಗಿನ ಸ್ವರಗಳೂ ಮಾಸಿದವು. ಮೈಕ್ರೊಫೋನು ಬಂದ ಮೇಲೂ, ನಿಮಿಷಕ್ಕೆ 78 ಸುತ್ತು ತಿರುಗುವ 10 ಅಂಗುಲದ ತಟ್ಟೆಯ ಒಂದು ಮೈಯಲ್ಲಿ ಸುಮಾರು 3 ನಿಮಿಷದ ಸಂಗೀತಕ್ಕಷ್ಟೇ ಸ್ಥಳ. ದೀರ್ಘವಾದ ಕಥನಗೀತೆಗಳು ಮೊಟಕಾದವು; ಕುಣಿಯುವವರು ದಣಿಯುವತನಕ ನುಡಿಯುತ್ತಿದ್ದ ಪಿಟೀಲು 3 ನಿಮಿಷಕ್ಕೆ ಮೌನವಾಯಿತು.

ಯಂತ್ರಕ್ಕಿಂತ ಬಿಗಿಯಾದ ಜರಡಿ ಮಾರುಕಟ್ಟೆ. ಬ್ಯಾಂಜೊ ವಾದ್ಯದ ಮೂಲ ಆಫ್ರಿಕದ್ದು. ಗುಲಾಮರಾಗಿ ಒಯ್ಯಲ್ಪಟ್ಟವರು ಅದನ್ನು ಅಮೆರಿಕದಲ್ಲಿ ಬೆಳೆಸಿದರು. ಆದರೂ ಕಂಪನಿಗಳು ಬಿಳಿಯರ ಹಳ್ಳಿವಾದ್ಯಕ್ಕೆ ಒಂದು ಪಟ್ಟಿಯನ್ನೂ ಕರಿಯರ ಬ್ಲೂಸ್ ಮುಂತಾದವುಗಳಿಗೆ ಮತ್ತೊಂದು ಪಟ್ಟಿಯನ್ನೂ ಮಾಡಿದವು. ಕರಿಯ ಪಿಟೀಲುಗಾರರಲ್ಲಿ ಅನೇಕರು ಎರಡಕ್ಕೂ ಸಲ್ಲದೆ ಹೊರಗುಳಿದರು. ತಟ್ಟೆಗಳನ್ನಷ್ಟೇ ಎಣಿಸಿದವನು, ಈ ಸಂಗೀತದಲ್ಲಿ ಅವರ ಪಾಲೇ ಇರಲಿಲ್ಲವೆಂದು ತೀರ್ಮಾನಿಸಿಯಾನು! ಅದು ಇತಿಹಾಸಕ್ಕೆ ಬಗೆದ ಅನ್ಯಾಯ.

ಹಾಗಾದರೆ ತಟ್ಟೆಗಳನ್ನು ತಿರಸ್ಕರಿಸಬೇಕೆ? ಸರ್ವಥಾ ಇಲ್ಲ. ಉಪಕರಣದ ದೋಷವನ್ನು ಅರಿತು ಅದರ ಅಳತೆಯನ್ನು ತಿದ್ದಿಕೊಳ್ಳುವಂತೆ ಇವನ್ನೂ ಬಳಸಬೇಕು. ಬರ್ಕ್ಲಿಯ ಪ್ರಯೋಗಶಾಲೆಯಲ್ಲಿ ರೂಪುಗೊಂಡ ವಿಧಾನದಿಂದ, ಮುಳ್ಳು ಸೋಕಿಸದೆ, ಗೀರಿನ ಚಿತ್ರದಿಂದಲೇ ಒಡೆದ ತಟ್ಟೆಯ ಧ್ವನಿಯನ್ನೂ ಈಗ ಹೊರತರಬಹುದಾಗಿದೆ. ಆದರೆ ಕೊರೆಯದೆ ಬಿಟ್ಟುದನ್ನು ಯಾವ ವಿಧಾನವೂ ಮರಳಿ ತರಲಾರದು.

ಇಂದು ನಮಗೆ 3 ನಿಮಿಷದ ಕಟ್ಟಿಲ್ಲ. ಆದುದರಿಂದ ಸಂಗ್ರಹಕಾರರಲ್ಲಿ ನಮ್ಮ ವಿನಂತಿ ಇಷ್ಟೆ: ಹಾಡು ಮುಗಿಯುವತನಕ ಮುದ್ರಿಸಿರಿ, ಹಾಡಿದವರು ಯಾರು, ಎಲ್ಲಿ, ಎಂದು ಎಂಬುದನ್ನು ಬರೆದಿಡಿರಿ. ಮುದ್ರಿಸದೆ ಬಿಟ್ಟವರಾರೆಂಬುದನ್ನೂ ಬರೆದಿಡಿರಿ.