ಕಟ್ಟೆಗೆ ಮೂರು ಮೀಟರ್ ಸಾಕೆ?

ಬಿಳಿಗಿರಿರಂಗನ ಬೆಟ್ಟದ ಮೇಲೆ ಜೋರು ಮಳೆ ಹೊಯ್ದ ಮರುದಿನ ಯಳಂದೂರಿನ ಹೊಲಗಳ ಕಡೆ ಹೋಗಿ ನೋಡಬೇಕು. ಬದು ಗಟ್ಟಿಯಿರುವ ಹೊಲದಲ್ಲಿ ನೀರು ನಿಂತು, ಮಣ್ಣು ತಳಕ್ಕಿಳಿದು, ಮೇಲೆ ತಿಳಿಯಾಗಿರುತ್ತದೆ. ಬದು ಕಿತ್ತು ಟ್ರ್ಯಾಕ್ಟರ್ ಓಡಿಸಿದ ಹೊಲದಲ್ಲಿ ಕೊರಕಲು ಬಿದ್ದಿರುತ್ತದೆ; ಗೊಬ್ಬರ ಹೊತ್ತು ಹಾಕಿದ ಮೇಲ್ಮಣ್ಣು ಹಳ್ಳ ಹಿಡಿದು ಸುವರ್ಣಾವತಿ ನದಿಯ ಪಾಲಾಗಿರುತ್ತದೆ.

ಹಿರಿಯರು ನೀರಿನ ಈ ಓಟವನ್ನು ಹೆಜ್ಜೆಹೆಜ್ಜೆಗೂ ತಡೆದಿದ್ದರು. ಹೊಲಕ್ಕೆ ಬದು, ಅದರ ಕೆಳಗೆ ದನ ನೀರು ಕುಡಿಯುವ ಕಟ್ಟೆ, ಕಟ್ಟೆ ಕೋಡಿ ಬಿದ್ದರೆ ಊರ ಕೆರೆ, ಅದೂ ತುಂಬಿದರೆ ಕೆಳಗಿನ ಊರಿನ ಕೆರೆ. ಹೂಳನ್ನು ಮೊದಲು ನುಂಗುವುದು ಕಟ್ಟೆಯೇ. ಕಟ್ಟೆ ಸತ್ತರೆ ಆ ಹೂಳೆಲ್ಲ ದೊಡ್ಡ ಕೆರೆಯ ತೂಬಿಗೆ ಬಂದು ಕೂರುತ್ತದೆ.

2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಒಪ್ಪಿದ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ತಿದ್ದುಪಡಿ ಮಸೂದೆ ಈ ಸಾಲನ್ನೇ ಮರೆತಿದೆ. ಅದರ ಪ್ರಕಾರ ಎಲ್ಲ ಕೆರೆಗಳ ಸುತ್ತ ಇದ್ದ 30 ಮೀಟರ್ ಬಫರ್ (ಕಟ್ಟಡ ಕಟ್ಟಬಾರದ ಅಂಚು) ಇನ್ನು ನೂರು ಎಕರೆ ಮೀರಿದ ಕೆರೆಗಳಿಗೆ ಮಾತ್ರ. 1ರಿಂದ 10 ಎಕರೆಯ ಕೆರೆಗೆ 6 ಮೀಟರ್, ಎಕರೆಯೊಳಗಿನದಕ್ಕೆ ಹೆಚ್ಚೆಂದರೆ 3. ಜೋಡೆತ್ತಿನ ಗಾಡಿ ತಿರುಗಿಸಲೂ ಸಾಲದ ಜಾಗ ಅದು. ಎಲ್ಲಕ್ಕೂ ಒಂದೇ ಅಳತೆ ಸರಿಯಲ್ಲ ಎನ್ನುತ್ತಾರೆ ಮಸೂದೆಯ ಪರ ಇರುವವರು. ಆಗಲಿ, ಹಾಗಿದ್ದರೆ ನೀರು ಯಾವ ಇಳಿಜಾರಿನಿಂದ, ಯಾವ ಕಾಲುವೆಯಲ್ಲಿ ಬರುತ್ತದೆಂದು ನೋಡಿ ಅಳೆಯಿರಿ. ಎಕರೆ ಲೆಕ್ಕ ನಿವೇಶನ ಮಾರುವವರದು.

ನಮ್ಮ ನೆರೆಯ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯಲ್ಲಿ ಕುರಿ ಕಾಯುತ್ತಿದ್ದ ಕಾಮೇಗೌಡರು ಬೆಟ್ಟದ ಮೈಮೇಲೆ ಸಾಲು ಕಟ್ಟೆಗಳನ್ನು ತೋಡಿದರು. ಕುರಿ ಮಾರಿ ಗುದ್ದಲಿ, ಹಾರೆ ಕೊಂಡರು. 2020ರ ಜೂನ್‌ನಲ್ಲಿ ಪ್ರಧಾನಿಯೇ ಬಾನುಲಿಯಲ್ಲಿ ಅವರನ್ನು ಕೊಂಡಾಡಿದರು. 2022ರಲ್ಲಿ ಅವರು ತೀರಿಕೊಂಡಾಗ ನಾಯಕರೆಲ್ಲ ಸಂತಾಪ ಹೇಳಿದರು. ಅಂಥ ಕಟ್ಟೆಗಳೇ ಈ ಮಸೂದೆಯ ಕಣ್ಣಿಗೆ ಎಲ್ಲಕ್ಕಿಂತ ಹಗುರ. ಇದನ್ನು ನನಗೆ ಸಹಿಸಲಾಗುತ್ತಿಲ್ಲ.

ನದಿ ನೀರೆತ್ತಿ ಕೆರೆ ತುಂಬಿಸುತ್ತೇವಲ್ಲ ಎನ್ನುವವರಿದ್ದಾರೆ. ನಮ್ಮ ಜಿಲ್ಲೆಯಲ್ಲೇ ಕಬಿನಿ ನೀರನ್ನು ಆಲಂಬೂರಿನಿಂದ ಪಂಪ್ ಮಾಡಿ ಕೆರೆಗಳಿಗೆ ಬಿಟ್ಟಿದ್ದಾರೆ. ಬತ್ತಿದ ಊರಿಗೆ ಅದು ಬೇಕು, ಬೇಡವೆನ್ನಲಾರೆ. ಆದರೆ ಪಂಪಿಗೆ ಕರೆಂಟ್ ಬೇಕು, ಪೈಪಿಗೆ ರಿಪೇರಿ ಬೇಕು, ನದಿಯಲ್ಲಿ ನೀರೂ ಇರಬೇಕು. ಬದುವಿಗೆ ಮಳೆಗಾಲದ ಮೊದಲು ನಾಲ್ಕು ಮಂಕರಿ ಮಣ್ಣು ಸಾಕು.

ಕಟ್ಟೆಗಳೂ ಅವಕ್ಕೆ ನೀರು ತರುವ ಹಳ್ಳಗಳೂ ಗ್ರಾಮನಕ್ಷೆಯಲ್ಲಿವೆ. ತಾಲ್ಲೂಕು ಸರ್ವೆಯವರು ಆ ನಕ್ಷೆ ಹಿಡಿದು ಊರವರ ಎದುರೇ ಅಳೆದು, ಮುಂಗಾರಿಗೆ ಮೊದಲು ಗಡಿಕಲ್ಲು ನೆಡಲಿ. ಮಸೂದೆಯ ಬಫರ್ ಕುಗ್ಗಿಸುವ ಕಲಮನ್ನು ಸರ್ಕಾರ ಹಿಂತೆಗೆದುಕೊಳ್ಳಲಿ.