ಇಳಿದ ಬೆಲೆ ಯಾರ ಪಾಲಿಗೆ?

ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕಚ್ಚಾ ತೈಲದ ಬೆಲೆ ಏರಿತೆಂದರೆ ಅದರ ಬಿಸಿ ನಮ್ಮ ಊರಿನ ಪೆಟ್ರೋಲ್ ಬಂಕಿಗೆ ತಟ್ಟಲು ಸಾಮಾನ್ಯವಾಗಿ ಬಹಳ ಕಾಲ ಬೇಕಾಗುವುದಿಲ್ಲ. ಆದರೆ ಅದೇ ಬೆಲೆ ಇಳಿಯಿತೆಂಬ ವಾರ್ತೆ ಬಂದಾಗ ಆಟೋರಿಕ್ಷಾ ಓಡಿಸುವವನೂ, ಹಾಲಿನ ಕ್ಯಾನುಗಳನ್ನು ಮೋಟಾರು ಸೈಕಲ್ಲಿಗೆ ಕಟ್ಟಿಕೊಂಡು ಪೇಟೆಗೆ ಹೊರಟವನೂ, ಟ್ರ್ಯಾಕ್ಟರಿಗೆ ಡೀಸೆಲ್ ತುಂಬಿಸಲು ಬಂದ ರೈತನೂ ಬಂಕಿನ ದರಫಲಕವನ್ನು ನೋಡಿ ನಿರಾಶರಾಗುತ್ತಾರೆ. ಏರುವಾಗ ಕುದುರೆಯಂತೆಯೂ ಇಳಿಯುವಾಗ ಆಮೆಯಂತೆಯೂ ನಡೆಯುವ ಈ ಬೆಲೆಯ ಹಿಂದೆ ಇರುವುದು ವ್ಯಾಪಾರಿಯ ಲೋಭವೋ, ಲೆಕ್ಕದ ಅನಿವಾರ್ಯತೆಯೋ, ಸರಕಾರದ ನೀತಿಯೋ ಎಂಬುದನ್ನು ವಿಚಾರಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಬೆಲೆಯ ರಚನೆಯನ್ನು ತಿಳಿಯಬೇಕು. ಕಚ್ಚಾ ತೈಲವನ್ನು ಡಾಲರಿನ ಲೆಕ್ಕದಲ್ಲಿ ಪೀಪಾಯಿಗಳಲ್ಲಿ ಕೊಳ್ಳುತ್ತಾರೆ. ಒಂದು ಪೀಪಾಯಿಯೆಂದರೆ ಸುಮಾರು ೧೫೯ ಲೀಟರು. ನಮ್ಮ ದೇಶ ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ ೮೫ಕ್ಕೂ ಹೆಚ್ಚು ಭಾಗವನ್ನು ಹೊರಗಿನಿಂದ ತರುವುದರಿಂದ, ರೂಪಾಯಿಯ ಮೌಲ್ಯ ಕುಸಿದರೆ ತೈಲ ಅಗ್ಗವಾದ ಲಾಭದಲ್ಲಿ ಒಂದಂಶ ಅಲ್ಲಿಯೇ ಕರಗಿಹೋಗುತ್ತದೆ. ಆ ಮೇಲೆ ಸಾಗಣೆ, ಶುದ್ಧೀಕರಣ, ಬಂಕಿನವನ ಕಮಿಷನ್, ಕೇಂದ್ರದ ಅಬಕಾರಿ ಸುಂಕ, ರಾಜ್ಯದ ಮಾರಾಟ ತೆರಿಗೆ ಇವೆಲ್ಲ ಒಂದರ ಮೇಲೊಂದು ಸೇರುತ್ತವೆ. ಇವುಗಳಲ್ಲಿ ಕೇಂದ್ರದ ಸುಂಕವು ಲೀಟರಿಗೆ ಇಂತಿಷ್ಟು ರೂಪಾಯಿ ಎಂದು ನಿಗದಿಯಾದದ್ದು. ತೈಲ ಅಗ್ಗವಾದ ಮಾತ್ರಕ್ಕೆ ಅದು ತಾನಾಗಿ ಇಳಿಯದು. ಕರ್ನಾಟಕದ ಮಾರಾಟ ತೆರಿಗೆಯಾದರೋ ಶೇಕಡಾವಾರು ಲೆಕ್ಕದ್ದು. ಬೆಲೆ ಇಳಿದರೆ ಅದೂ ಇಳಿಯಬೇಕು, ದರವನ್ನೇ ಏರಿಸದಿದ್ದರೆ. ಆದುದರಿಂದ ಕಚ್ಚಾ ತೈಲದ ಬೆಲೆ ಅರ್ಧವಾದೊಡನೆ ಪೆಟ್ರೋಲಿನ ಬೆಲೆಯೂ ಅರ್ಧವಾಗಬೇಕೆಂದು ಅಪೇಕ್ಷಿಸುವುದು ಸರಿಯಲ್ಲ. ಇಷ್ಟು ಲೆಕ್ಕದ ಅನಿವಾರ್ಯತೆ. ಇದನ್ನು ಕಳೆದು ಉಳಿಯುವುದೇ ವಿಚಾರಾರ್ಹವಾದದ್ದು.

ದಶಕಗಳ ಕಾಲ ತೈಲದ ಬೆಲೆಯನ್ನು ಸರಕಾರವೇ ಗೊತ್ತುಪಡಿಸುತ್ತಿತ್ತು. ೨೦೧೦ರ ಜೂನಿನಲ್ಲಿ ಪೆಟ್ರೋಲಿನ ಬೆಲೆಯನ್ನೂ, ೨೦೧೪ರ ಅಕ್ಟೋಬರಿನಲ್ಲಿ ಡೀಸೆಲಿನ ಬೆಲೆಯನ್ನೂ ಮಾರುಕಟ್ಟೆಗೆ ಬಿಟ್ಟುಕೊಡಲಾಯಿತು. ಮಾರುಕಟ್ಟೆಗೆ ಬಿಟ್ಟುದರ ಅರ್ಥ ಸರಳವಾದುದು: ಏರಿದರೆ ಏರಿದ್ದನ್ನು ಕೊಡಬೇಕು, ಇಳಿದರೆ ಇಳಿದದ್ದು ದೊರೆಯಬೇಕು. ಆದರೆ ಡೀಸೆಲು ಮುಕ್ತವಾದ ಮರುತಿಂಗಳೇ, ಅಂದರೆ ೨೦೧೪ರ ನವೆಂಬರಿನಲ್ಲಿ, ಅಬಕಾರಿ ಸುಂಕದ ಏರಿಕೆ ಆರಂಭವಾಯಿತು. ೨೦೧೬ರ ಜನವರಿಯ ವೇಳೆಗೆ ಒಂಬತ್ತು ಸಲ ಏರಿತು. ಪೆಟ್ರೋಲಿನ ಮೇಲೆ ಲೀಟರಿಗೆ ೯ ರೂ. ೪೮ ಪೈಸೆ ಇದ್ದ ಸುಂಕ ೨೧ ರೂ. ೪೮ ಪೈಸೆಯಾಯಿತು, ಡೀಸೆಲಿನ ಮೇಲೆ ೩ ರೂ. ೫೬ ಪೈಸೆ ಇದ್ದದ್ದು ೧೭ ರೂ. ೩೩ ಪೈಸೆಯಾಯಿತು.

ಅದೇ ಅವಧಿಯಲ್ಲಿ ತೈಲಕ್ಕೆ ಏನಾಯಿತೆಂಬುದನ್ನು ನೋಡೋಣ. ೨೦೧೪ರ ಜೂನಿನಲ್ಲಿ ಭಾರತ ಕೊಳ್ಳುವ ಕಚ್ಚಾ ತೈಲಕ್ಕೆ ಪೀಪಾಯಿಗೆ ಸುಮಾರು ೧೦೯ ಡಾಲರ್ ಬೆಲೆಯಿತ್ತು. ೨೦೧೬ರ ಜನವರಿಯಲ್ಲಿ ಸುಮಾರು ೨೮ ಡಾಲರ್. ಅಂದಂದಿನ ವಿನಿಮಯ ದರದಂತೆ ಲೆಕ್ಕ ಹಾಕಿದರೆ, ಒಂದು ಲೀಟರ್ ಕಚ್ಚಾ ತೈಲಕ್ಕೆ ೪೧ ರೂಪಾಯಿ ಬೀಳುತ್ತಿದ್ದದ್ದು ೧೨ ರೂಪಾಯಿಗೆ ಬಂದಿತ್ತು. ಇಳಿದದ್ದು ಸುಮಾರು ೨೯ ರೂಪಾಯಿ. ಆದರೆ ದೆಹಲಿಯಲ್ಲಿ ಪೆಟ್ರೋಲಿನ ಬೆಲೆ ೭೧ ರೂಪಾಯಿಯ ಆಸುಪಾಸಿನಿಂದ ೬೦ ರೂಪಾಯಿಯ ಆಸುಪಾಸಿಗೆ, ಎಂದರೆ ಹನ್ನೊಂದು ರೂಪಾಯಿಯಷ್ಟು, ಇಳಿಯಿತು. ಹನ್ನೆರಡು ರೂಪಾಯಿ ಸುಂಕವಾಗಿ ಕೇಂದ್ರದ ಬೊಕ್ಕಸವನ್ನು ಸೇರಿತು. ಉಳಿದದ್ದು ಶುದ್ಧೀಕರಣದ ಅಂತರ, ರಾಜ್ಯ ತೆರಿಗೆ ಮೊದಲಾದವುಗಳಲ್ಲಿ ಹಂಚಿಹೋಯಿತು. ಪೆಟ್ರೋಲಿಯಂ ಪದಾರ್ಥಗಳ ಮೇಲಿನ ಅಬಕಾರಿ ಸುಂಕದಿಂದ ೨೦೧೪-೧೫ರಲ್ಲಿ ಸುಮಾರು ೯೯ ಸಾವಿರ ಕೋಟಿ ರೂಪಾಯಿ ಬಂದಿದ್ದರೆ, ೨೦೧೬-೧೭ರಲ್ಲಿ ೨.೪೨ ಲಕ್ಷ ಕೋಟಿ ಬಂದಿತು.

೨೦೨೦ರಲ್ಲಿ ಇದೇ ಕ್ರಮ ಪುನರಾವರ್ತಿಸಿತು. ಮಹಾಮಾರಿಯ ದೆಸೆಯಿಂದ ಲೋಕದ ವಾಹನಗಳೆಲ್ಲ ನಿಂತುಹೋಗಿ, ಏಪ್ರಿಲ್ ತಿಂಗಳಲ್ಲಿ ನಾವು ಕೊಳ್ಳುವ ತೈಲದ ಬೆಲೆ ಪೀಪಾಯಿಗೆ ೨೦ ಡಾಲರಿಗೆ ಇಳಿಯಿತು. ಮೇ ತಿಂಗಳ ಮೊದಲ ವಾರದಲ್ಲಿ ಒಂದೇ ರಾತ್ರಿ ಪೆಟ್ರೋಲಿಗೆ ೧೦ ರೂಪಾಯಿ, ಡೀಸೆಲಿಗೆ ೧೩ ರೂಪಾಯಿ ಸುಂಕವೇರಿತು. ಬಂಕಿನ ದರ ಏರಲಿಲ್ಲವಾದ್ದರಿಂದ ಹೆಚ್ಚಿನವರಿಗೆ ಅದು ಗೊತ್ತೂ ಆಗಲಿಲ್ಲ. ಇಳಿಯಬೇಕಾಗಿದ್ದ ಬೆಲೆ ಇಳಿಯಲಿಲ್ಲ, ಅಷ್ಟೆ. ತೈಲ ಮತ್ತೆ ಏರತೊಡಗಿದಾಗ ಈ ಭಾರದ ಮೇಲೆ ಆ ಭಾರವೂ ಕೂಡಿ, ೨೦೨೧ರ ಜೂನಿನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲು ನೂರು ರೂಪಾಯಿಯನ್ನು ದಾಟಿತು. ೨೦೨೫ರ ಏಪ್ರಿಲಿನಲ್ಲಿ ತೈಲದ ಬೆಲೆ ಪೀಪಾಯಿಗೆ ೬೫ ಡಾಲರಿನ ಆಸುಪಾಸಿಗೆ ಕುಸಿದಾಗಲೂ ಎರಡಕ್ಕೂ ಲೀಟರಿಗೆ ೨ ರೂಪಾಯಿ ಸುಂಕ ಹೆಚ್ಚಿತು, ಬಂಕಿನ ದರ ಮಾತ್ರ ಇದ್ದಲ್ಲಿಯೇ ಇತ್ತು.

ಇದಕ್ಕೆ ಪ್ರತಿಯಾಗಿ ಹೇಳಬಹುದಾದ ಮಾತುಗಳೂ ಉಂಟು. ಅವನ್ನು ಮರೆಮಾಚುವುದು ನ್ಯಾಯವಲ್ಲ. ೨೦೧೪ಕ್ಕೆ ಮೊದಲು ಬೆಲೆಯನ್ನು ಕೃತಕವಾಗಿ ತಗ್ಗಿಸಿಡಲು ಹೊರಡಿಸಿದ್ದ ತೈಲ ಬಾಂಡುಗಳ ಸಾಲ ಸುಮಾರು ೧.೩ ಲಕ್ಷ ಕೋಟಿ ರೂಪಾಯಿ ಬಾಕಿಯಿತ್ತು. ಅಂದು ಅಗ್ಗವಾಗಿ ಕಂಡದ್ದನ್ನು ಮುಂದೆ ಯಾರಾದರೂ ತೀರಿಸಲೇಬೇಕಾಗಿತ್ತು. ೨೦೨೨ರಲ್ಲಿ ತೈಲ ನೂರು ಡಾಲರನ್ನು ಮೀರಿದಾಗ ಸುಂಕವನ್ನು ತಗ್ಗಿಸಲಾಯಿತು. ಬಂಕಿನ ದರವನ್ನು ಬಹುಕಾಲ ತಡೆಹಿಡಿದು ತೈಲ ಕಂಪನಿಗಳು ನಷ್ಟವನ್ನೂ ಅನುಭವಿಸಿದವು. ಆದರೆ ತೈಲ ಇಳಿದ ಮೇಲೂ ಆ ತಡೆ ಮುಂದುವರಿಯಿತು. ೨೦೨೩-೨೪ರಲ್ಲಿ ಸಾರ್ವಜನಿಕ ಕ್ಷೇತ್ರದ ಮೂರು ಮಾರಾಟ ಕಂಪನಿಗಳು ಕೂಡಿ ಸುಮಾರು ೮೧ ಸಾವಿರ ಕೋಟಿ ರೂಪಾಯಿ ಲಾಭ ಗಳಿಸಿದವು. ಇನ್ನು ಇಂಧನ ತೀರ ಅಗ್ಗವಾದರೆ ದುಂದು ಹೆಚ್ಚುವುದೆಂಬುದೂ, ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ಹಣ ಬೇಕೆಂಬುದೂ ಅಲ್ಲಗಳೆಯಲಾಗದ ಮಾತು. ತೆರಿಗೆ ಪಾಪವಲ್ಲ.

ಹಾಗಾದರೆ ಆಕ್ಷೇಪಣೆ ಯಾವುದು? ತೆಗೆದುಕೊಂಡದ್ದಕ್ಕಲ್ಲ, ಹೇಳದೆ ತೆಗೆದುಕೊಂಡದ್ದಕ್ಕೆ. ಇಳಿಯುವ ಬೆಲೆಯ ಮರೆಯಲ್ಲಿ ಏರುವ ತೆರಿಗೆ ಕೊಡುವವನ ಕಣ್ಣಿಗೆ ಬೀಳುವುದಿಲ್ಲ. ಅದು ಉಳ್ಳವನ ಕಾರಿಗೂ ಬಡವನ ಆಟೋಗೂ ಒಂದೇ ದರದಲ್ಲಿ ಬೀಳುತ್ತದೆ. ಡೀಸೆಲಿನ ಮೂಲಕ ತರಕಾರಿಗೂ, ಗೊಬ್ಬರಕ್ಕೂ, ಬಸ್ಸಿನ ಟಿಕೇಟಿಗೂ ಹರಿಯುತ್ತದೆ. ೨೦೨೦ರ ಮೇ ತಿಂಗಳ ನಂತರ ಪೆಟ್ರೋಲಿನ ಮೇಲಿದ್ದ ಒಟ್ಟು ೩೨ ರೂ. ೯೮ ಪೈಸೆ ಸುಂಕದಲ್ಲಿ ೧೮ ರೂಪಾಯಿ ರಸ್ತೆ ಸೆಸ್ಸು, ೧೨ ರೂಪಾಯಿ ವಿಶೇಷ ಹೆಚ್ಚುವರಿ ಸುಂಕ; ರಾಜ್ಯಗಳೊಡನೆ ಹಂಚಿಕೊಳ್ಳಬೇಕಾಗಿದ್ದ ಮೂಲ ಸುಂಕ ೨ ರೂ. ೯೮ ಪೈಸೆ ಮಾತ್ರ. ಹೀಗಾಗಿ ರಾಜ್ಯಗಳು ತಮ್ಮ ದಾರಿಯನ್ನು ತಾವು ನೋಡಿಕೊಂಡವು. ಕರ್ನಾಟಕವು ೨೦೨೪ರ ಜೂನಿನಲ್ಲಿ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇಕಡಾ ೨೫.೯೨ರಿಂದ ೨೯.೮೪ಕ್ಕೆ ಏರಿಸಿತು, ೨೦೨೫ರ ಏಪ್ರಿಲಿನಲ್ಲಿ ಡೀಸೆಲಿನ ತೆರಿಗೆಯನ್ನು ಶೇಕಡಾ ೨೧.೧೭ಕ್ಕೆ ತಂದಿತು. ದರ ಇಳಿಸುವ ಹೊಣೆ ರಾಜ್ಯದ್ದೆಂದು ಕೇಂದ್ರ, ಕೇಂದ್ರದ್ದೆಂದು ರಾಜ್ಯ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಅಗ್ಗದ ಕಾಲವನ್ನು ವಿವೇಕದಿಂದ ಬಳಸಿದ ಉದಾಹರಣೆಯೂ ನಮ್ಮ ನಾಡಿನಲ್ಲಿಯೇ ಇದೆ. ಮಂಗಳೂರಿನಲ್ಲಿಯೂ ಉಡುಪಿ ಜಿಲ್ಲೆಯ ಪಾದೂರಿನಲ್ಲಿಯೂ ಬಂಡೆಯನ್ನು ಕೊರೆದು ನೆಲದೊಳಗೆ ತೈಲದ ಸಂಗ್ರಹಾಗಾರಗಳನ್ನು ನಿರ್ಮಿಸಿದ್ದಾರೆ; ಒಂದರಲ್ಲಿ ೧೫ ಲಕ್ಷ, ಇನ್ನೊಂದರಲ್ಲಿ ೨೫ ಲಕ್ಷ ಟನ್ನು ಹಿಡಿಯುತ್ತದೆ. ೨೦೨೦ರಲ್ಲಿ ಬೆಲೆ ಕುಸಿದಿದ್ದಾಗ ಇವುಗಳನ್ನು ತುಂಬಿಸಿಕೊಂಡದ್ದರಿಂದ ಸುಮಾರು ಐದು ಸಾವಿರ ಕೋಟಿ ರೂಪಾಯಿ ಉಳಿಯಿತೆಂದು ಸರಕಾರ ತಿಳಿಸಿತು. ಸುಗ್ಗಿಯಲ್ಲಿ ಜೋಳವನ್ನು ಹಗೇವಿಗೆ ಸುರಿದು ಬರಗಾಲಕ್ಕೆ ಕಾಯ್ದಿಡುತ್ತಿದ್ದ ನಮ್ಮ ಹಿರಿಯರ ಜಾಣ್ಮೆ ಇದು. ಆದರೆ ಹಗೇವಿನಲ್ಲಿ ಎಷ್ಟು ಚೀಲ ಇಳಿಯಿತೆಂಬುದು ಮನೆಮಂದಿಗೆಲ್ಲ ತಿಳಿದಿರುತ್ತಿತ್ತು. ಕೊರತೆಯ ದಿನ ಬಂದಾಗ ಅದು ಅವರಿಗಾಗಿಯೇ ತೆರೆಯುತ್ತಿತ್ತು. ಇಳಿದ ಬೆಲೆಯಿಂದ ಬಂದ ಸುಂಕದ ಹಣಕ್ಕೆ ಅಂಥ ಹಗೇವು ಇರಲಿಲ್ಲ. ಅದು ಸಾಮಾನ್ಯ ವೆಚ್ಚದಲ್ಲಿ ಸೇರಿಹೋಯಿತು.

ಮಠದ ಆಶ್ರಯದ ಶಾಲೆಯಲ್ಲಿ ಕಲಿತವರಿಗೂ ಕಲಿಸುವವರಿಗೂ ಈ ವಿಷಯ ಬೇರೆ ಯಾರಿಗಿಂತಲೂ ಸುಲಭವಾಗಿ ಅರ್ಥವಾಗಬೇಕು. ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿ, ಹಿಡಿ ಹಿಡಿ ಧಾನ್ಯವನ್ನು ಕೂಡಿಸಿ, ಬಡ ಮಕ್ಕಳ ಪ್ರಸಾದ ನಿಲಯಗಳನ್ನು ನಡೆಸಿದ ಪರಂಪರೆ ನಮ್ಮದು. ಕೊಟ್ಟವನಿಗೆ ತಾನು ಕೊಟ್ಟೆನೆಂಬುದು ಗೊತ್ತಿತ್ತು. ಅದು ಯಾವ ಪಂಕ್ತಿಯಲ್ಲಿ ಅನ್ನವಾಯಿತೆಂಬುದೂ ಗೊತ್ತಿತ್ತು. ಇಂಥ ಸ್ಮರಣ ಸಂಚಿಕೆಗಳ ಕೊನೆಯ ಪುಟಗಳಲ್ಲಿ ನೂರು ರೂಪಾಯಿ ಕೊಟ್ಟವರ ಹೆಸರನ್ನೂ ಬಿಡದೆ ಅಚ್ಚು ಹಾಕುವ ರೂಢಿ ಬರಿಯ ಉಪಚಾರವಲ್ಲ. ಅದು ಕಾಯಕದಿಂದ ದುಡಿದು ಕೊಟ್ಟವನಿಗೆ ಒಪ್ಪಿಸುವ ಲೆಕ್ಕ. ದಾಸೋಹಕ್ಕೂ ಸುಲಿಗೆಗೂ ಇರುವ ಅಂತರ ಮೊತ್ತದಲ್ಲಿಲ್ಲ, ಕೊಡುವವನ ಅರಿವಿನಲ್ಲಿದೆ.

ಆದಕಾರಣ ನಾವು ಕೇಳಬೇಕಾದುದು ಅಗ್ಗದ ಪೆಟ್ರೋಲನ್ನಲ್ಲ, ನಿಚ್ಚಳವಾದ ಲೆಕ್ಕವನ್ನು. ದೆಹಲಿಯ ದರದ ವಿಭಜನೆಯನ್ನು ತೈಲ ಕಂಪನಿಗಳು ಪ್ರಕಟಿಸುತ್ತ ಬಂದಿವೆ. ಅದೇ ವಿಭಜನೆ ನಮ್ಮೂರಿನ ಬಂಕಿನ ರಸೀದಿಯ ಮೇಲೆಯೇ ಕನ್ನಡದಲ್ಲಿ ಬರಲಿ: ತೈಲಕ್ಕೆ ಇಷ್ಟು, ಕೇಂದ್ರಕ್ಕೆ ಇಷ್ಟು, ರಾಜ್ಯಕ್ಕೆ ಇಷ್ಟು, ಮಾರುವವನಿಗೆ ಇಷ್ಟು. ತೈಲದ ಬೆಲೆ ಇಂಥ ಮಟ್ಟಕ್ಕಿಂತ ಕೆಳಗಿಳಿದರೆ ಬಳಕೆದಾರನಿಗೆಷ್ಟು ಬೊಕ್ಕಸಕ್ಕೆಷ್ಟು ಎಂಬ ನಿಯಮ ಮೊದಲೇ ಗೊತ್ತಾಗಿರಲಿ. ಬೊಕ್ಕಸ ಸೇರಿದ ಪಾಲಿನಲ್ಲಿ ಒಂದಂಶವನ್ನು ತೈಲ ದುಬಾರಿಯಾದಾಗ ಸುಂಕವಿಳಿಸಲೆಂದೇ ಬೇರೆ ಇಡಲಿ. ತೆರಿಗೆ ಹೆಚ್ಚಿಸಬೇಕಾದರೆ, ಬೆಲೆ ಇಳಿದ ದಿನವೇ ಇರಲಿ, ಕಾರಣವನ್ನು ಜನರ ಮುಂದಿಟ್ಟು ಹೆಚ್ಚಿಸಲಿ.

ಅರ್ಥಶಾಸ್ತ್ರವನ್ನೂ ಗಣಿತವನ್ನೂ ಬೋಧಿಸುವ ಅಧ್ಯಾಪಕರು ಒಂದು ಲೀಟರ್ ಪೆಟ್ರೋಲಿನ ಬೆಲೆಯನ್ನು ಕರಿಹಲಗೆಯ ಮೇಲೆ ಬಿಡಿಸಿ ತೋರಿಸುವುದರಿಂದ ಈ ಕೆಲಸವನ್ನು ನಾಳೆಯೇ ಆರಂಭಿಸಬಹುದು. ಆ ಲೆಕ್ಕವನ್ನು ಕಲಿತ ಹುಡುಗನು ಮನೆಗೆ ಹೋಗಿ ಆಟೋ ಓಡಿಸುವ ತನ್ನ ತಂದೆಗೆ ಅದನ್ನು ವಿವರಿಸಬಲ್ಲನಾದರೆ, ಅಂದಿನ ಪಾಠ ಸಾರ್ಥಕವಾಯಿತೆಂದು ತಿಳಿಯಬೇಕು.