ಮಳೆ ಬಿಟ್ಟ ಹತ್ತು ನಿಮಿಷ

ಜುಲೈನಲ್ಲಿ ಮರವಂತೆಗೆ ಹೊರಟಿದ್ದೀನಿ ಅಂದ್ರೆ ಟೀಮಲ್ಲಿ ಎಲ್ಲರೂ ಕೇಳೋದು ಒಂದೇ: "ಮಳೆ ಅಲ್ವೇನೋ?" ಹೌದು, ಅದಕ್ಕೇ ಹೊರಟಿರೋದು. ಡಿಸೆಂಬರ್‌ನ ನೀಲಿ ಆಕಾಶ, ನೀಲಿ ಕಡಲು ಕಣ್ಣಿಗೆ ಹಿತ, ಒಪ್ಪಿದೆ. ಆದರೆ ಆ ಫೋಟೊ ನಾನು ತೆಗೆದರೂ ಅಷ್ಟೇ, ನೀವು ತೆಗೆದರೂ ಅಷ್ಟೇ. ಮಳೆಗಾಲದಲ್ಲಿ ಐದು ನಿಮಿಷಕ್ಕೊಂದು ಬೆಳಕು.

ಸಂಜೆ ಬೆಂಗಳೂರಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಕುಂದಾಪುರ. ಅಲ್ಲಿಂದ ಉತ್ತರಕ್ಕೆ ಸ್ವಲ್ಪ ದೂರ ಬಸ್ಸು. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಇದೆಲ್ಲ ನಿಮಗೆ ಗೊತ್ತಿರೋದೇ. ಬಂದವರು ಮಾತ್ರ ಕಡಲಿಗೇ ಮುಖ ಮಾಡಿ ನಿಲ್ತಾರೆ. ಮುಂಗಾರಿನ ಗಾಳಿ ಬೀಸೋದೂ ಅಲ್ಲಿಂದಲೇ. ಎರಡೇ ನಿಮಿಷದಲ್ಲಿ ಲೆನ್ಸ್ ತುಂಬ ಉಪ್ಪುನೀರಿನ ಹನಿ. ನೀರೂ ನೀಲಿ ಇರಲ್ಲ, ಹೊಳೆಗಳು ಹೊತ್ತು ತಂದ ಮಣ್ಣು ಸೇರಿ ದಡದ ಹತ್ತಿರ ಚಹಾದ ಬಣ್ಣ.

ಸುಮ್ಮನೆ ತಿರುಗಿ ನಿಲ್ಲಿ. ಗಾಳಿ ಬೆನ್ನಿಗೆ, ಲೆನ್ಸ್ ಒಣಗಿರುತ್ತೆ. ಎದುರಿಗೆ ನದಿ, ತೆಂಗಿನ ಸಾಲು. ಜೋರು ಮಳೆ ನಿಂತು ಗಾಳಿ ತಿಳಿಯಾದರೆ ಹಿಂದೆ ಕೊಡಚಾದ್ರಿಯ ಸಾಲು ಕತ್ತರಿಸಿ ಇಟ್ಟ ಹಾಗೆ ಕಾಣುತ್ತೆ. ಹತ್ತು ನಿಮಿಷ ಸಿಕ್ಕರೆ ಅದೃಷ್ಟ. ಮುಂದಿನ ಮಳೆ ಯಾವಾಗ ಅಂತ ಆ್ಯಪ್ ನೋಡೋದಕ್ಕಿಂತ ಕಡಲ ಕಡೆ ಒಮ್ಮೆ ಕತ್ತು ತಿರುಗಿಸಿ. ಬೂದು ಪರದೆಯೊಂದು ದಡದ ಕಡೆ ನಡ್ಕೊಂಡು ಬರ್ತಿರುತ್ತೆ.

ಕಾಮನಬಿಲ್ಲಿಗೂ ಲೆಕ್ಕ ಇದೆ. ಸೂರ್ಯ ನಿಮ್ಮ ಬೆನ್ನಿಗಿರಬೇಕು, ಮಳೆ ಎದುರಿಗೆ. ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ನೆಲದ ಮೇಲೆ ನಿಂತವರಿಗೆ ಬಿಲ್ಲು ಕಾಣಲ್ಲ. ಹಾಗಾಗಿ ಮಧ್ಯಾಹ್ನ ಹುಡುಕಬೇಡಿ. ಬೆಳಿಗ್ಗೆ ಆದ್ರೆ ಕಡಲ ಮೇಲೆ, ಸಂಜೆ ಆದ್ರೆ ನದಿ ಮೇಲೆ. ಪೋಲರೈಸರ್ ಹಾಕಿದ್ದರೆ ನಿಧಾನಕ್ಕೆ ತಿರುಗಿಸಿ, ಒಂದು ಕೋನದಲ್ಲಿ ಅದು ಬಿಲ್ಲನ್ನೇ ನುಂಗಿಬಿಡುತ್ತೆ.

ಕಾರಲ್ಲಿ ಹೋಗೋರು ಇಳಿಯೋ ಕಾಲು ಗಂಟೆ ಮೊದಲು ಎಸಿ ಆಫ್ ಮಾಡಿ. ತಣ್ಣಗಿರೋ ಲೆನ್ಸಿಗೆ ಹೊರಗಿನ ತೇವದ ಗಾಳಿ ತಾಗಿದ ಕೂಡಲೇ ಮಂಜು ಕೂರುತ್ತೆ. ಒರೆಸಿದಷ್ಟೂ ಮತ್ತೆ ಬರುತ್ತೆ. ಒರೆಸೋಕೆ ನನ್ನ ಬ್ಯಾಗಲ್ಲಿರೋದು ಅಮ್ಮನ ಹಳೇ ಕಾಟನ್ ಸೀರೆಯ ತುಂಡು. ಉಪ್ಪಿನ ಹನಿ ಬಿದ್ದಿದ್ರೆ ಮೊದಲು ಸಿಹಿನೀರಲ್ಲಿ ಒದ್ದೆ ಮಾಡಿ ಒರೆಸಿ, ಒಣಗಿದ ಉಪ್ಪನ್ನು ಹಾಗೇ ಉಜ್ಜಿದರೆ ಗಾಜಿಗೆ ಗೀರು.

ಈಗ ಕಲ್ಲಿನ ವಿಷಯ. ಅಲೆ ತಡೆಯೋಕೆ ದಡದಲ್ಲಿ ದೊಡ್ಡ ದೊಡ್ಡ ಬಂಡೆ ಹಾಕಿದ್ದಾರೆ. ಹೋದ ಸಲ ಇಬ್ಬರು ಹುಡುಗರು ಅದರ ತುದಿಗೆ ಹತ್ತಿ ಅಲೆ ಹಾರೋದನ್ನೇ ಕಾಯ್ತಾ ನಿಂತಿದ್ರು. ಗೂಡಂಗಡಿಯ ಅಜ್ಜ ಕೂಗಿದರು, "ಹ್ವಾಯ್, ಆ ಕಲ್ಲ್ ಮೇಲ್ ಹೋಪುದ್ ಬ್ಯಾಡ!" ಹುಡುಗರು ನಕ್ಕು ಇನ್ನೊಂದು ಕಲ್ಲು ಮುಂದೆ ಹೋದರು. ನಂಗೆ ಎದೆ ಧಸಕ್ ಅಂತು. 2023ರ ಜುಲೈನಲ್ಲಿ, ಇಲ್ಲಿಗೆ ಬಹಳ ದೂರವಲ್ಲದ ಕೊಲ್ಲೂರಿನ ಬಳಿ ಅರಿಶಿನಗುಂಡಿ ಜಲಪಾತದಲ್ಲಿ, ಬಂಡೆ ಮೇಲೆ ನಿಂತಿದ್ದ ಯುವಕನೊಬ್ಬ ಜಾರಿ ನೀರುಪಾಲಾದದ್ದು ಗೆಳೆಯನ ಮೊಬೈಲ್ ವಿಡಿಯೊದಲ್ಲೇ ದಾಖಲಾಗಿತ್ತು. ಅಜ್ಜ ಬರಿಗಾಲಲ್ಲೇ ಇಳಿದು ಬಂದು ಇಬ್ಬರನ್ನೂ ಬೈದು ಕರ್ಕೊಂಡು ಹೋದರು. ಚಹಾ ಕೊಟ್ಟು ಮತ್ತೊಂದು ಸುತ್ತು ಬೈದರು. ಆ ಬಂಡೆಗಳಿಗೆ ಪಾಚಿ ಇದೆ, ಅಲೆಗೆ ಟೈಮ್‌ಟೇಬಲ್ ಇಲ್ಲ. ಹತ್ತಿರದ ಚಿತ್ರ ಬೇಕಿದ್ರೆ ಝೂಮ್ ಲೆನ್ಸ್ ಬಾಡಿಗೆಗೆ ತಗೊಳ್ಳಿ.

ಒಳನಾಡಿಗೆ ಎರಡು ಕಿಲೋಮೀಟರ್ ನಡೆದರೂ ಸಾಕು, ಗದ್ದೆಗಳಲ್ಲಿ ನಾಟಿ ನಡೀತಿರುತ್ತೆ. ಕೇಳಿಯೇ ಫೋಟೊ ತೆಗೀರಿ. ನಾನು ಕೇಳಿದಾಗ ಒಬ್ಬ ಅಕ್ಕ ಬಗ್ಗಿದ ಬೆನ್ನು ಎತ್ತದೆ, "ತೆಗೀರಿ, ಅಂಚ್ ಮಾತ್ರ ಒಡಿಬೇಡಿ" ಅಂದರು. ಮೋಡದ ಬೆಳಕಿಗೆ ನೆರಳಿರಲ್ಲ, ಆ ಹಸಿರು ಬಿಸಿಲಲ್ಲಿ ಸಿಗಲ್ಲ. ಆಕಾಶವನ್ನು ಫ್ರೇಮಿನಿಂದ ಆದಷ್ಟು ಹೊರಗಿಡಿ, ಇಲ್ಲಾಂದ್ರೆ ಗದ್ದೆ ಕಪ್ಪಾಗುತ್ತೆ.

ಸಂಜೆ ಗಂಗೊಳ್ಳಿ ಬಂದರಿಗೆ ಹೋದೆ. ಜೂನ್, ಜುಲೈ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ, ಬೋಟುಗಳು ಸಾಲಾಗಿ ಕಟ್ಟಿಕೊಂಡಿದ್ದವು. ಬಲೆ ಹೊಲೀತಿದ್ದವರೊಬ್ಬರು ನನ್ನ ಕ್ಯಾಮೆರಾ ನೋಡಿ, "ಆಗಸ್ಟ್‌ನಲ್ಲಿ ಬನ್ನಿ, ಆಗ ಇಲ್ಲಿ ನಿಲ್ಲಲಿಕ್ಕೂ ಜಾಗ ಇರುದಿಲ್ಲ" ಅಂದರು. ರಜೆ ಎಷ್ಟು ಉಳಿದಿದೆ ಅಂತ ಆಗಲೇ ಮೊಬೈಲಲ್ಲಿ ನೋಡಿಕೊಂಡೆ.